ಒಂದೇ ತಾನಿನ ಅಂಗಿಗಳು

ದಸರೆ ಮುಗಿಯಿತೆಂದರೆ ಸುಂದರಾಬಾಯಿಯವರು ಸಿಕಂದರಾಬಾದಿನ ಜನರಲ್ ಬಜಾರಿಗೆ ಹೊರಡುತ್ತಾರೆ. ಅಲ್ಲಿ ಮನಸ್ಸಿಗೆ ಬಂದ ಒಂದು ಬಟ್ಟೆಯ ತಾನನ್ನು ಆರಿಸಿ, ಮನೆಯ ಗಂಡಸರಿಗೂ ಹುಡುಗರಿಗೂ ಆಗುವಷ್ಟು ಅಂಗಿಬಟ್ಟೆಯನ್ನು ಅದೊಂದರಿಂದಲೇ ಹರಿಸಿಕೊಂಡು ಬರುತ್ತಾರೆ. ಗಂಡ, ಮಗ, ಅಳಿಯ, ಇಬ್ಬರು ಮೊಮ್ಮಕ್ಕಳು, ಎಲ್ಲರಿಗೂ ಒಂದೇ ಬಣ್ಣ, ಒಂದೇ ಚೌಕಳಿ. ನರಕ ಚತುರ್ದಶಿಯ ಬೆಳಿಗ್ಗೆ ಎಣ್ಣೆನೀರು ಮುಗಿಸಿ, ಅವರೆಲ್ಲ ಆ ಅಂಗಿ ತೊಟ್ಟು, ಹಿರಿಯರಿಂದ ಕಿರಿಯರವರೆಗೆ ಸಾಲಾಗಿ ಮಣೆಯ ಮೇಲೆ ಕೂಡಬೇಕು. ಆಮೇಲೆ ಆರತಿ.

"ಬ್ಯಾಂಡಿನವರು ಕೂತಂಗ ಕಾಣತೀವಿ. ತುತ್ತೂರಿ ಒಂದ ಕಮ್ಮಿ," ಎಂದು ಗಂಡ ನರಸಿಂಹರಾಯರು ವರ್ಷವರ್ಷವೂ ಹೇಳುತ್ತಾರೆ.

"ತುತ್ತೂರಿ ಯಾಕ ಬೇಕ್ರಿ, ನೀವ ಅದೀರಲ್ಲ," ಎಂದು ಸುಂದರಾಬಾಯಿಯವರು ವರ್ಷವರ್ಷವೂ ಉತ್ತರ ಕೊಡುತ್ತಾರೆ.

ತಾರ್ನಾಕದಲ್ಲಿ ಅವರದೂ ನಮ್ಮದೂ ಎದುರುಬದುರು ಮನೆ. ಸುಂದರಾಬಾಯಿಯವರು ಹುಟ್ಟಿದ್ದು ಇಳಕಲ್ಲಿನ ನೇಕಾರರ ಓಣಿಯಲ್ಲಿ. ಮದುವೆಯಾಗಿ ಹೈದರಾಬಾದಿಗೆ ಬಂದಾಗ ಅವರ ಜೊತೆ ಬಂದದ್ದು ಒಂದು ಟ್ರಂಕು ಮತ್ತು ಕಾಲಿನಿಂದ ತುಳಿಯುವ ಒಂದು ಹೊಲಿಗೆ ಮಷಿನ್ನು. ರಾಯರು ಸರಕಾರಿ ಕಚೇರಿಗೆ ಹೋದರೆ ಸಂಜೆಗೇ ಬರುವುದು. ಇವರಿಗೋ ಆಗ ತೆಲುಗು ಬಾರದು, ಹಿಂದಿಯೂ ಬಾರದು. ಪಕ್ಕದ ಮನೆಯ ಕೂಸಿಗೆ ಒಂದು ಕುಂಚಿಗೆ ಹೊಲಿದುಕೊಟ್ಟರಂತೆ. ಆ ಮನೆಯಿಂದ ಒಂದು ಬಟ್ಟಲು ಗೋಂಗೂರ ಪಚ್ಚಡಿ ಬಂತಂತೆ. ಅವರ ಹೈದರಾಬಾದಿನ ಬಾಳ್ವೆ ಶುರುವಾದದ್ದು ಹಾಗೆ. ಮುಂದೆ ಮಗ ಮನೋಜನಿಗೆ ತೊಟ್ಟಿಲ ದಿನಗಳಿಂದ ಹಿಡಿದು ಕಾಲೇಜು ಮುಗಿಯುವವರೆಗೆ ಅಂಗಡಿಯ ಅಂಗಿ ಗೊತ್ತಿರಲಿಲ್ಲ. ಮೊಮ್ಮಗ ಕೇದಾರ ಹುಟ್ಟುವ ಮೊದಲೇ ಅವನ ಅಂಗಿಗಳು ಹುಟ್ಟಿ, ಮಡಿಕೆಯಾಗಿ, ಕಪಾಟಿನಲ್ಲಿ ಕಾಯುತ್ತಿದ್ದವು.

ಹೊಲಿಗೆಯಲ್ಲಿ ಅವರಿಗೊಂದು ಹಟವಿದೆ. ಗೇಣು ಬಟ್ಟೆಯನ್ನೂ ಕೆಡಿಸುವುದಿಲ್ಲ. ಅಂಗಿಗಳೆಲ್ಲ ಮುಗಿದು ತುಂಡುಗಳು ಉಳಿದವೋ, ಮನೆಯ ಸಾಮಾನುಗಳಿಗೆ ಹಬ್ಬ. ಮಿಕ್ಸರಿಗೆ ಒಂದು ಮುಸುಕು, ಟೇಬಲ್ ಫ್ಯಾನಿಗೆ ಒಂದು ಗೌಸು, ಟಿವಿ ರಿಮೋಟಿಗೆ ಒಂದು ಚೀಲ, ರಾಯರ ಚಷ್ಮಾಕ್ಕೆ ಇನ್ನೊಂದು. ದೀಪಾವಳಿಯ ದಿನ ಅವರ ಮನೆಯೊಳಗೆ ಕಾಲಿಟ್ಟರೆ, ಮನುಷ್ಯರು ಯಾರು, ಸಾಮಾನು ಯಾವುದು ಎಂದು ಒಂದು ಕ್ಷಣ ತಬ್ಬಿಬ್ಬಾಗುತ್ತದೆ.

ಈ ಸಲ ಬಂದದ್ದು ತಿಳಿನೀಲಿಯ ಮೇಲೆ ಸಣ್ಣ ಹಳದಿ ಚೌಕಳಿಯ ಬಟ್ಟೆ. ನಾನು ಅಂದು ಸಂಜೆ ಅವರ ಪಡಸಾಲೆಯಲ್ಲಿಯೇ ಕುಳಿತಿದ್ದೆ. ಸುಂದರಾಬಾಯಿಯವರು ಕೊರಳಿಗೆ ಟೇಪು ಹಾಕಿಕೊಂಡು ದೊಡ್ಡ ಮೊಮ್ಮಗನನ್ನು ಕೂಗಿದರು.

"ಏ ಕೇದಾರ್ಯಾ, ಬಾರೋ, ಅಳತಿ ಕೊಡು."

ಏಳನೆಯ ಇಯತ್ತೆಯ ಕೇದಾರ ಬಾಗಿಲಲ್ಲಿಯೇ ನಿಂತ. "ನಂಗ ಬ್ಯಾಡ ಅಜ್ಜಿ."

"ಅಳತಿ ಬ್ಯಾಡೇನು? ಹೋದ ವರ್ಷದ ಅಳತಿ ನಡಿಯೂದಿಲ್ಲೋ, ಸೋರೇಕಾಯಿ ಬೆಳದಂಗ ಬೆಳದೀದಿ."

"ಅಳತಿ ಅಲ್ಲ. ಅಂಗೀನ ಬ್ಯಾಡ. ಅಪ್ಪ ರೆಡಿಮೇಡ್ ಕೊಡಸ್ತಾನ."

ಯಾಕೆಂದು ಕೇಳಿದರೆ ಹೇಳಲಿಲ್ಲ. ಅವನ ತಾಯಿ ದೀಪಾಲಿ ಗದರಿದಳು, ರಮಿಸಿದಳು. ಮನೋಜ ಎರಡು ದಿನ ನೋಡಿ, ಎದೆಯ ತುಂಬ ದೊಡ್ಡ ಇಂಗ್ಲಿಷ್ ಅಕ್ಷರಗಳಿದ್ದ ಒಂದು ಕಪ್ಪು ಟೀಶರ್ಟು ತಂದುಕೊಟ್ಟ.

ಸುಂದರಾಬಾಯಿಯವರು ನನ್ನೆದುರು ಮಾತ್ರ ಒಮ್ಮೆ ಅಂದರು: "ಮಾಸ್ತರ್ರೀ, ಈ ವರ್ಷ ಕೇದಾರ ಸಾಲಿನಿಂದ ಎದ್ದ ಅಂದ್ರ ಮುಂದಿನ ವರ್ಷ ಅಮೋಲ್ ಏಳತಾನ. ಅಣ್ಣ ಮಾಡಿದ್ದನ್ನ ತಮ್ಮ ಬಿಡ್ತಾನೇನು? ಆಮ್ಯಾಲೆ ನನ್ನ ಮಷಿನ್ ಬರೇ ದಿಂಬಿನ ಚೀಲ ಹೊಲಕೋಂತ ಕೂಡತೈತಿ. ನನ್ನ ಹೊಲಿಗಿ ಅವಂಗ ಹಳೇದು ಅನಸೇತಿ, ಹೇಳಾಕ ನಾಚತಾನ."

ಉಳಿದವರ ಅಂಗಿಗಳು ಒಂದೊಂದಾಗಿ ಮುಗಿದವು; ಅವುಗಳ ತುಂಡುಗಳಲ್ಲಿ ಮಿಕ್ಸರು, ಫ್ಯಾನು, ರಿಮೋಟು, ಚಷ್ಮಾಗಳ ಉಡುಪೂ ಆದವು. ಕೇದಾರನ ಪಾಲಿನ ಬಟ್ಟೆ ಮಷಿನ್ನಿನ ಪಕ್ಕದಲ್ಲಿ ಮಡಿಕೆಯಾಗಿಯೇ ಇತ್ತು. ಹುಡುಗ ಇಂದು ಬಂದಾನು, ನಾಳೆ ಬಂದಾನು ಎಂದು ಕಾದರು. ಬರಲಿಲ್ಲ. ಒಂದು ಮಧ್ಯಾಹ್ನ ಅವರಿಗೂ ಸಿಟ್ಟು ಬಂತು. ಆ ಬಟ್ಟೆಯನ್ನು ಪೂರ್ತಿ ಬಿಡಿಸಿ, ವಾಶಿಂಗ್ ಮಷಿನ್ನಿಗೆ ನೆಲ ಮುಟ್ಟುವಂತಹ ಒಂದು ಗೌಸು ಹೊಲಿದರು. ಕೆಳಗೆ ಸುತ್ತಲೂ ನೆರಿಗೆಯ ಝಾಲರು ಬೇರೆ. "ಇದಾದರೂ ಬ್ಯಾಡ ಅನ್ನೂದಿಲ್ಲ," ಎಂದರು.

ಹಬ್ಬಕ್ಕೆ ಇನ್ನೆರಡು ದಿನ ಇರುವಾಗ ಬೇಕರಿಯ ಭಟ್ಟಿಗೆ ಹೋಗುವ ದಿನ ಬಂತು. ನಮ್ಮ ಕಡೆ ಓಣಿಯ ಬೇಕರಿಗಳಲ್ಲಿ ಹಬ್ಬದ ಮುಂಚೆ ಮನೆಯವರ ನಾನಖಟಾಯಿ ಬಿಸ್ಕತ್ತಿನ ಹಿಟ್ಟನ್ನೂ ಬೇಯಿಸಿಕೊಡುವ ಪದ್ಧತಿಯಿದೆ. ಮೈದಾ, ತುಪ್ಪ, ಸಕ್ಕರೆ ನಮ್ಮದೇ. ಭಟ್ಟಿ ಮಾತ್ರ ಅವರದು. ದೀಪಾಲಿ ಮನೆಯಲ್ಲಿಯೇ ವಿದ್ಯುತ್ತಿನ ಓವನ್ ಇಟ್ಟಿದ್ದಾಳೆ. ಅತ್ತೆ ಅದನ್ನು ಒಪ್ಪುವುದಿಲ್ಲ. "ಅದರಾಗ ಬಿಸಿ ಆಗತೈತಿ ಹೊರತು ಬೇಯೂದಿಲ್ಲವಾ," ಎನ್ನುತ್ತಾರೆ. ಭಟ್ಟಿಯಲ್ಲಿ ಹಲವು ಮನೆಗಳ ನಾನಖಟಾಯಿ ಒಟ್ಟಿಗೆ ಒಳಗೆ ಹೋಗುವುದರಿಂದ ಪ್ರತಿ ಮನೆಗೂ ತನ್ನ ಗುರುತು ಬೇಕು. ಕೆಲವರು ಗೋಡಂಬಿ ಒತ್ತುತ್ತಾರೆ, ಕೆಲವರು ಫೋರ್ಕಿನಿಂದ ಗೀರು ಹಾಕುತ್ತಾರೆ. ಸುಂದರಾಬಾಯಿಯವರದು ಅಂಗುಸ್ತಾನದ ಗುರುತು. ಹೊಲಿಯುವಾಗ ಬೆರಳಿಗೆ ಹಾಕುವ ಆ ಲೋಹದ ಟೊಪ್ಪಿಗೆಯನ್ನು ಉಂಡೆಯ ನಡುವೆ ಒತ್ತಿದರೆ ಚುಕ್ಕಿಚುಕ್ಕಿಯ ಒಂದು ಸಣ್ಣ ಕುಳಿ ಮೂಡುತ್ತದೆ.

ನನ್ನ ಹೆಂಡತಿ ಕಲಸಿಕೊಟ್ಟ ಡಬ್ಬಿಯನ್ನು ಹಿಡಿದುಕೊಂಡು ನಾನೂ ಹೊರಟೆ. ಮನೋಜನಿಗೆ ಆಫೀಸಿದ್ದುದರಿಂದ ದೊಡ್ಡ ಡಬ್ಬಿ ಹೊರಲು ಕೇದಾರ ಬಂದ. ಭಟ್ಟಿಯ ಜಹಾಂಗೀರ್ ಭಾಯಿ ತಗಡಿನ ಟ್ರೇಗಳನ್ನು ನಮ್ಮ ಮುಂದೆ ಸರಿಸಿ, "ಜಲ್ದಿ ಜಲ್ದಿ ಅಮ್ಮಾ," ಎಂದು ಹೇಳಿ ಒಳಗೆ ಹೋದ. ಸುಂದರಾಬಾಯಿಯವರು ಉಂಡೆ ಕಟ್ಟಿ ಇಡುತ್ತಾ ಹೋದರು; ಕೇದಾರ ಅಂಗುಸ್ತಾನ ಒತ್ತುತ್ತಾ ಬಂದ. ಮೂರು ವರ್ಷದವನಿದ್ದಾಗಿನಿಂದ ಅದು ಅವನದೇ ಕೆಲಸ. ಒಂದು ಟ್ರೇ ತುಂಬಿತು.

"ವಾಶಿಂಗ್ ಮಷಿನ್‌ಗೂ ಅದ ಅರಿವಿ ಹಾಕಿದಿ," ಎಂದ ಕೇದಾರ ತಲೆಯೆತ್ತದೆ.

"ಹೂಂ, ಹಾಕೀನಿ. ಯಾಕ?"

"ಅದಕ್ಕ ನಾ ಅಂಗಿ ಬ್ಯಾಡ ಅಂದದ್ದು."

ಸುಂದರಾಬಾಯಿಯವರ ಕೈ ನಿಂತಿತು. ಹುಡುಗ ಒಂದೊಂದೇ ಮಾತಾಗಿ ಹೇಳಿದ. ಹೋದ ವರ್ಷ ದೀಪಾವಳಿಯ ದಿನ ಅವನ ಗೆಳೆಯ ತರುಣನೆಂಬವನು ಹಬ್ಬದ ತಿಂಡಿಯ ಫರಾಳಕ್ಕೆ ಬಂದಿದ್ದ. ನೀರು ಕುಡಿಯಲೆಂದು ಅಡುಗೆಮನೆಗೆ ಹೋದವನು ಮಿಕ್ಸರಿನ ಮುಂದೆ ನಿಂತು, ಅದರ ಬೆನ್ನು ತಟ್ಟಿ, "ಏಮ್ರಾ ಕೇದಾರ್, ಬಾಗುನ್ನಾವಾ?" ಎಂದು ಕುಶಲ ಕೇಳಿದನಂತೆ. ಅಲ್ಲಿಂದ ಬಂದು ಟೇಬಲ್ ಫ್ಯಾನಿಗೆ ಎರಡೂ ಕೈ ಜೋಡಿಸಿ, "ನಮಸ್ತೇ ಅಂಕಲ್," ಎಂದನಂತೆ. ಮನೋಜನೂ ಅದೇ ಬಟ್ಟೆಯಲ್ಲಿದ್ದನಲ್ಲ!

"ಇಡೀ ವರ್ಷ ಸಾಲ್ಯಾಗ ನನ್ನ ಹೆಸರು ಮಿಕ್ಸರ್, ಅಜ್ಜಿ. ಮಿಕ್ಸರ್, ಬಾಲ್ ಹಾಕು. ಮಿಕ್ಸರ್, ಡಬ್ಬಿ ತೆಗಿ. ಪಿಟಿ ಸರ್ ಸುದ್ದಾ ಒಂದಿನ ಹಂಗ ಕರದ್ರು!"

ಸುಂದರಾಬಾಯಿಯವರು ಸೆರಗು ಬಾಯಿಗೆ ಒತ್ತಿಕೊಂಡರು. ಅಳುತ್ತಿದ್ದಾರೋ ಎಂದು ನಾನು ಗಾಬರಿಯಾದೆ. ಅವರು ನಗುತ್ತಿದ್ದರು. ತಡೆಯಲಾರದೆ ನಗು ಹೊರಗೆ ಬಿತ್ತು. ಹಿಟ್ಟಿನ ಕೈಯಿಂದ ಕಣ್ಣೊರಸಿಕೊಂಡು ಮುಖವೆಲ್ಲ ಬೆಳ್ಳಗಾಯಿತು. "ಕ್ಯಾ ಹುವಾ ಅಮ್ಮಾ?" ಎಂದು ಜಹಾಂಗೀರ್ ಭಾಯಿ ಒಳಗಿನಿಂದ ಇಣುಕಿ ನೋಡಿದ. ಮುಖ ಊದಿಸಿಕೊಂಡಿದ್ದ ಕೇದಾರನೂ ಅಜ್ಜಿಯ ಮುಖ ನೋಡಿ ನಕ್ಕುಬಿಟ್ಟ.

"ಹಂಗಾದ್ರ ನನ್ನ ಹೊಲಿಗಿ?" ಎಂದರು ಅವರು, ಉಸಿರು ತಿರುಗಿದ ಮೇಲೆ.

"ಹೊಲಿಗಿ ಛಲೋ ಐತಿ. ಆ ಅಂಗಿ ನಂಗ ಭಾಳ ಸೇರಿತ್ತು. ಮಿಕ್ಸರ್ ಹಾಕ್ಕೊಂಡಿದ್ದು ಸೇರಲಿಲ್ಲ."

ಅಲ್ಲಿಯೇ, ಆ ಟ್ರೇಯ ಎರಡು ಬದಿಗೆ ಕುಳಿತು, ಅಜ್ಜಿ ಮೊಮ್ಮಗನ ನಡುವೆ ಕರಾರು ನಡೆಯಿತು.

"ಮಿಕ್ಸರಿಗೆ ಹಾಕಲಿಲ್ಲ ಅಂದ್ರ ಹಾಕ್ಕೋತೀಯೇನು?"

"ಹಾಕ್ಕೋತೀನಿ."

"ಫ್ಯಾನಿಗೆ?"

"ಬ್ಯಾಡ."

"ಸಣ್ಣದೊಂದು, ರಿಮೋಟಿಗೆ?"

"ಬ್ಯಾಡಂದ್ರ ಬ್ಯಾಡ."

"ಅಜ್ಜನ ಚಷ್ಮಾದ ಚೀಲ?"

ಕೇದಾರ ಸ್ವಲ್ಪ ಯೋಚಿಸಿದ. "ಅದನ್ನ ಅಜ್ಜ ಕಿಸೇದಾಗ ಇಟ್ಕೋತಾನ. ನಡೀತೈತಿ."

"ಮತ್ತ ಅಜ್ಜನ ಅಂಗಿ?"

"ಅಜ್ಜ ಸಾಮಾನಲ್ಲಲ್ಲ!"

"ಈ ಮಾತನ್ನು ರಾಯರಿಗೆ ತಿಳಿಸುತ್ತೇನೆ," ಎಂದೆ ನಾನು. "ಅವರಿಗೆ ಸಮಾಧಾನವಾದೀತು."

ಸುಂದರಾಬಾಯಿಯವರು ಸಂತೋಷದಿಂದ ಇನ್ನೊಂದು ಉಂಡೆ ಕಟ್ಟಿದರು. ಕಟ್ಟುತ್ತಾ ಕಟ್ಟುತ್ತಾ ಅವರ ಮುಖ ಇಳಿಯಿತು. "ಅಯ್ಯ ಕೇದಾರ, ಅರಿವೀನ ಇಲ್ಲಲ್ಲೋ."

"ಯಾಕ? ನಂದು ಇತ್ತಲ್ಲ?"

"ವಾಶಿಂಗ್ ಮಷಿನ್‌ಗೆ ಹಾಕಿದ್ದು ಉಳಿದ ತುಂಡಲ್ಲೋ. ನಿನ್ನ ಪಾಲಿಂದು."

ಹುಡುಗ ಬಾಯಿ ತೆರೆದು ನೋಡಿದ. "ಇಡೀದಾ?"

"ಝಾಲರು ಸಮೇತ."

"ಅಂಗಡಿಗೆ ಹೋಗೂಣಲ್ಲ."

"ಆ ತಾನು ಮುಗದೈತಿ. ಕಡೀಕ ಉಳಿದದ್ದನ್ನ ನಾನ ಹರಿಸಿಕೊಂಡು ಬಂದೀನಿ."

ಕೇದಾರ ಮತ್ತೆ ಅಂಗುಸ್ತಾನ ಒತ್ತತೊಡಗಿದ. ಒಂದೊಂದು ಉಂಡೆಗೂ ಎಷ್ಟು ಬಲ ಹಾಕುತ್ತಿದ್ದನೆಂದರೆ, ಅದು ತಳದ ತಗಡಿಗೆ ತಾಗಿ ಟಕ್ ಎನ್ನುತ್ತಿತ್ತು. ಸಾಲು ಮುಗಿಸಿ ತಲೆಯೆತ್ತಿದ. "ಬಿಚ್ಚೂಣು ಅಜ್ಜಿ. ಮಷಿನ್ನಿಂದು ಬಿಚ್ಚೂಣು. ಇವತ್ತ."

ಆ ಟ್ರೇ ಭಟ್ಟಿಯಿಂದ ಹೊರಗೆ ಬಂದಾಗ ಅದರಲ್ಲಿನ ನಾನಖಟಾಯಿಗಳಿಗೆಲ್ಲ ನಡುವೆ ಆರುಪಾರು ತೂತು ಬಿದ್ದಿತ್ತು. ಅವು ಕೋಟಿನ ದೊಡ್ಡ ಗುಂಡಿಗಳಂತೆ ಕಾಣುತ್ತಿದ್ದವು. ರುಚಿಗೇನೂ ಕೊರತೆಯಿರಲಿಲ್ಲ, ದಾರಿಯಲ್ಲಿ ನಾನು ಎರಡು ತಿಂದೆ.

ಮನೆಗೆ ಬಂದವರೇ ವಾಶಿಂಗ್ ಮಷಿನ್ನಿನ ಗೌಸು ಕಿತ್ತು ಪಡಸಾಲೆಯಲ್ಲಿ ಹರಡಿದರು. ದೀಪಾಲಿ ಬ್ಲೇಡು ಹಿಡಿದು ಕುಳಿತಳು. "ಅತ್ತಿ, ನಿಮ್ಮ ಹೊಲಿಗಿ ಬಿಚ್ಚೂದಂದ್ರ ಹಲ್ಲು ಕಿತ್ತಂಗ ಐತ್ರಿ," ಎಂದಳು. ಪುಟ್ಟ ಅಮೋಲ್ ಬಿಚ್ಚಿದ ದಾರಗಳನ್ನೆಲ್ಲ ಕಿವಿಗೆ ಸುತ್ತಿಕೊಂಡು ಕುಣಿದ. ಕೇದಾರನನ್ನು ನಿಲ್ಲಿಸಿ ಅಳತೆ ತೆಗೆದದ್ದಾಯಿತು. ಆಗ ಗೊತ್ತಾದದ್ದು, ಬಟ್ಟೆ ಸಾಲದು. ಮಷಿನ್ನಿನ ನೀರಿನ ಪೈಪಿಗೆಂದು ಸುಂದರಾಬಾಯಿಯವರು ಬೆನ್ನಿನ ನಟ್ಟನಡುವೆ ಒಂದು ದುಂಡನೆಯ ಕಿಂಡಿ ಕತ್ತರಿಸಿದ್ದರು. ಹುಡುಗನೂ ಸೋರೇಕಾಯಿಯಂತೆಯೇ ಬೆಳೆದಿದ್ದ.

ಫ್ಯಾನಿನ ಗೌಸು ಬಂತು. ಮಿಕ್ಸರಿನ ಮುಸುಕು ಬಂತು. ರಿಮೋಟಿನ ಚೀಲ ಬಂತು. ಆದರೂ ಕಾಲರಿಗೆ ಒಂದು ಬೆರಳಿನಷ್ಟು ಕಡಿಮೆ. ಎಲ್ಲರೂ ರಾಯರ ಕಡೆ ನೋಡಿದರು.

"ಕರಾರಿನಾಗ ಇದು ನಡೀತೈತಿ ಅಂದಿದ್ದಿಯಂತಲ್ಲೋ!" ಎಂದು ರಾಯರು ಕಿಸೆ ಮುಚ್ಚಿಕೊಂಡರು.

"ಕೊಡ್ರಿ ಸುಮ್ನ. ಚಷ್ಮಾಕ್ಕ ಥಂಡಿ ಹತ್ತೂದಿಲ್ಲ," ಎಂದರು ಸುಂದರಾಬಾಯಿಯವರು.

ಅವರು ಬಟ್ಟೆ ಸರಿಸುತ್ತಾ ಹೋದರು. ಕೇದಾರ ಪಕ್ಕದಲ್ಲಿ ಕುಳಿತು ಕಾಲಿನಿಂದ ತುಳಿದ. ಮೊದಮೊದಲು ಚಕ್ರ ಹಿಂದಕ್ಕೆ ತಿರುಗಿ ದಾರ ಹರಿಯಿತು, ಅಜ್ಜಿಯ ಗದರಿಕೆಯಾಯಿತು. ಆಮೇಲೆ ಕಾಲಿಗೆ ಹದ ಸಿಕ್ಕಿತು. ಮರುದಿನ ಅವನಿಗೆ ಗುಂಡಿ ಹಚ್ಚುವುದನ್ನೂ ಹೇಳಿಕೊಟ್ಟರು. ಮೇಲಿನ ಎರಡು ಗುಂಡಿಗಳು ಅವನವೇ. ಅವುಗಳಿಗೆ ಹಾಕಿದ ದಾರದಲ್ಲಿ ಇನ್ನೊಂದು ಅಂಗಿ ಹೊಲಿಯಬಹುದಿತ್ತು.

ಚತುರ್ದಶಿಯ ಬೆಳಿಗ್ಗೆ ನಾನೂ ನನ್ನ ಹೆಂಡತಿಯೂ ಫರಾಳಕ್ಕೆ ಹೋದಾಗ ಸಾಲು ಕುಳಿತಿತ್ತು. ರಾಯರು, ಶಂಶಾಬಾದಿನಿಂದ ಬಂದ ಅಳಿಯ, ಮನೋಜ, ಅವರ ಪಕ್ಕದಲ್ಲಿ ಕೇದಾರ, ಕೊನೆಯಲ್ಲಿ ಅಮೋಲ್. ಹತ್ತಿರದಿಂದ ನೋಡಿದರೆ ಕೇದಾರನ ಬೆನ್ನಿನಲ್ಲಿ ಮೂರು ಜೋಡಣೆಗಳಿದ್ದವು, ಒಂದು ತೋಳಿನ ಚೌಕಳಿ ಅಡ್ಡಡ್ಡ ಹೋಗಿತ್ತು. ಹುಡುಗ ಮಾತ್ರ ಮದುಮಗನಂತೆ ನೆಟ್ಟಗೆ ಕುಳಿತಿದ್ದ. ಅಡುಗೆಮನೆಯಲ್ಲಿ ಮಿಕ್ಸರು ತನ್ನ ಬಿಳಿಯ ಮೈಯನ್ನು ತೋರಿಸಿಕೊಂಡು ನಿಂತಿತ್ತು. ಸುಂದರಾಬಾಯಿಯವರು ಆರತಿಯ ತಟ್ಟೆ ಹಿಡಿದು ಸಾಲಿನ ಮುಂದೆ ಒಮ್ಮೆ ನಡೆದರು. ಕೇದಾರನ ಎದುರು ಬಂದಾಗ ದೀಪ ಒಂದು ಸುತ್ತು ಹೆಚ್ಚಿಗೆ ತಿರುಗಿತು. ಅಮೋಲ್ ಅದನ್ನು ಕಂಡು ತಕರಾರು ಮಾಡಿ ತನಗೂ ಒಂದು ಸುತ್ತು ಪಡೆದ.

ಕಿರಿಯರೆಲ್ಲ ಎದ್ದು ಹಿರಿಯರ ಕಾಲಿಗೆ ನಮಸ್ಕರಿಸಿದರು. ಕೇದಾರ ಬಗ್ಗಿದವನು ಬಗ್ಗಿದಲ್ಲಿಂದಲೇ ಪಿಸುಗುಟ್ಟಿದ: "ಅಜ್ಜಿ, ಕಂಕುಳಾಗ ಭಾಳ ಬಿಗಿ ಆಗೇತಿ. ಕೈ ಎತ್ತಾಕ ಬರವಲ್ದು."

"ಬಿಚ್ಚಿ ಕೊಡು. ಈಗ ಸಡಲ ಮಾಡಿಕೊಡ್ತೀನಿ."

"ಈಗ ಬ್ಯಾಡ," ಎಂದ ಅವನು, ಎರಡು ಕೈಗಳನ್ನೂ ಮೈಗೆ ಅಂಟಿಸಿಕೊಂಡು. "ತರುಣ ಬರಾಕತ್ತಾನ. ಈ ಅರಿವಿ ಹಾಕ್ಕೊಂಡ ಸಾಮಾನು ಎಲ್ಲೈತಿ ಅಂತ ಅವ ಮನಿ ತುಂಬ ಹುಡುಕಿ ಹೋಗ್ಲಿ. ಆಮ್ಯಾಲೆ ಬಿಚ್ಚತೀನಿ."

ಹಾಗೆಂದು ಅವನು ಬಾಗಿಲಿನ ಎದುರಿಗೇ ಕುರ್ಚಿ ಹಾಕಿಕೊಂಡು ಕುಳಿತ. ಕೈ ಬಾಯಿಯವರೆಗೆ ಏಳುತ್ತಿರಲಿಲ್ಲ. ಸುಂದರಾಬಾಯಿಯವರು ಪಕ್ಕದಲ್ಲಿ ತಟ್ಟೆ ಹಿಡಿದು ನಿಂತು, ಒಂದೊಂದೇ ನಾನಖಟಾಯಿಯನ್ನು ಮುರಿದು ಅವನ ಬಾಯಿಗೆ ಹಾಕುತ್ತಿದ್ದರು.