ಬಲ ಮುಂದೆ, ಎಡ ಹಿಂದೆ

ಫೆರ್ಮಿನ್ ಬಾರಿಯೆಂತೋಸನ ತಲೆಯ ಬಗ್ಗೆ ನದಿದಂಡೆಯ ತ್ರಿಯಾನಾ ಕೇರಿಯಲ್ಲಿ ಯಾರೂ ಕೊಂಕು ತೆಗೆದವರಲ್ಲ. ತಂಟೆಯೆಲ್ಲ ಅವನ ಕಾಲುಗಳದ್ದು. ಊಟಕ್ಕೆ ಕುಳಿತರೆ ಸಾಕು, ಮೇಜಿನ ಕೆಳಗೆ ಅವು ತಮ್ಮ ಪಾಡಿಗೆ ತಾವು ಪೆಡಲ್ ಒತ್ತಲು ಶುರುಮಾಡುತ್ತಿದ್ದವು. ಎದುರು ಕುಳಿತ ಹೆಂಡತಿ ಕಾಸಿಲ್ದಾಳ ಮೊಣಕಾಲಿಗೆ ಬಡಿದಾಗಲೇ ಅವನಿಗೆ ಎಚ್ಚರ.

"ನನ್ನನ್ನೂ ಹಾರಿಸ್ತೀಯಾ ಏನು?" ಎನ್ನುತ್ತಿದ್ದಳು ಅವಳು. "ಸುಮ್ನೆ ಕಡಲೆಕಾಳು ತಿನ್ನು. ವಿಮಾನ ತಟ್ಟೆಯೊಳಗಿಲ್ಲ."

ಅವಳ ನಗೆಚಾಟಿಕೆ ಅವಳಿಗೆ. ಫೆರ್ಮಿನ್‌ಗೆ ಮಾತ್ರ ಅದು ಹೊಟ್ಟೆಪಾಡಿಗಿಂತ ದೊಡ್ಡ ಸಂಗತಿ. ನದಿಯಾಚೆಯ ವಿಮಾನ ಕಾರ್ಖಾನೆಯಲ್ಲಿ ಹೊಸ ಯಂತ್ರಗಳನ್ನು ಮೊದಲು ಹಾರಿಸಿ ನೋಡುವುದು ಅವನ ಕೆಲಸ. ಹಾರುವುದನ್ನು ಬಿಟ್ಟರೆ ಅವನಿಗೆ ಇಷ್ಟವಾದದ್ದು ಹೆಂಡತಿ ಮತ್ತು ಕರಿದ ಮೀನು, ಅಷ್ಟೇ.

ತನ್ನ ದೇಶದ ಅಂತರ್ಯುದ್ಧದ ಕಾಲಕ್ಕೆ ಅವನು ಹಾರಲು ಕಲಿತದ್ದು ಜರ್ಮನ್ನರ ಯುದ್ಧವಿಮಾನದಲ್ಲಿ. ನೆಲದ ಮೇಲೆ ಓಡುವಾಗ ಅದು ಎಡಕ್ಕೆ ಎಳೆಯುತ್ತಿತ್ತು; ನೆಟ್ಟಗಿಡಲು ಬಲಗಾಲಿನ ಪೆಡಲ್ ಒತ್ತಿ ಹಿಡಿಯಬೇಕಿತ್ತು. ಆಮೇಲೆ ಜರ್ಮನ್ನರು ದೊಡ್ಡ ಯುದ್ಧದಲ್ಲಿ ಸೋತು ಸುಣ್ಣವಾದರು. ಅವರಿಂದ ಬರಬೇಕಿದ್ದ ಎಂಜಿನ್ನುಗಳು ಬರಲೇ ಇಲ್ಲ. ವಿಮಾನದ ಮೈಗಳು ಮೂಗಿಲ್ಲದೆ ಷೆಡ್ಡಿನಲ್ಲಿ ವರ್ಷಗಟ್ಟಲೆ ಕುಳಿತವು. ಕೊನೆಗೆ ಬೇರೊಂದು ಎಂಜಿನ್ ಹುಡುಕಿ ಕೂರಿಸಿದರೆ, ಅದರ ಪಂಖ ತಿರುಗುವುದು ಉಲ್ಟಾ! ಎಡಕ್ಕೆ ಎಳೆಯುತ್ತಿದ್ದದ್ದು ಈಗ ಬಲಕ್ಕೆ ಎಳೆಯಿತು. ಹಳೆಯ ಎಳೆತವನ್ನು ತಡೆಯಲೆಂದೇ ಜರ್ಮನ್ನರು ಬಾಲವನ್ನು ಓರೆಯಾಗಿ ಮಾಡಿದ್ದರಲ್ಲ, ಆ ಬಾಲವೂ ಸೇರಿಕೊಂಡು ಬಲಕ್ಕೇ ತಳ್ಳಿತು. ಫೆರ್ಮಿನ್ ಹರಸಾಹಸಪಟ್ಟು ಎಡಗಾಲಿಗೆ ಪಾಠ ಕಲಿಸಿದ. ಅದು ಚೆನ್ನಾಗಿಯೇ ಕಲಿಯಿತು, ಹಾಳಾದ್ದು.

ಈಗ ಇಂಗ್ಲೆಂಡಿನಿಂದ ಮತ್ತೊಂದು ಎಂಜಿನ್ ಬಂದಿತ್ತು. ಜರ್ಮನ್ನರ ಮೈಗೆ ಅವರ ಹಗೆಗಳ ಗುಂಡಿಗೆ! ಅದನ್ನು ಕೂರಿಸಿದ ಮೇಲೆ ವಿಮಾನದ ಗದ್ದದ ಕೆಳಗೆ ಎಷ್ಟು ಊದಿತೆಂದರೆ, ಕಾರ್ಖಾನೆಯ ಹುಡುಗರು ಅದನ್ನು 'ಬುಚೋನ್' ಎಂದರು. ತ್ರಿಯಾನಾದವರು ಮಾಳಿಗೆಯ ಮೇಲೆ ಸಾಕುವ, ಕೊರಳುಬ್ಬಿಸಿ ಮೆರೆಯುವ ಪಾರಿವಾಳದ ಹೆಸರು ಅದು. ಪಾರಿವಾಳ ಸೊಗಸಾಗಿಯೇ ಇತ್ತು. ಆದರೆ ಇದರ ಪಂಖ ತಿರುಗುವುದು ಮತ್ತೆ ಮೊದಲಿನಂತೆ. ಅಂದರೆ ಮತ್ತೆ ಬಲಗಾಲು.

ಫೆರ್ಮಿನ್‌ನ ತಲೆಗೆ ಅದು ಗೊತ್ತಿತ್ತು, ಕಾಲಿಗೆ ಗೊತ್ತಿರಲಿಲ್ಲ. ಮೊದಲ ದಿನ ನೆಲದ ಮೇಲೆ ಓಡಿಸಿ ನೋಡುವಾಗ ಬುಚೋನ್ ಎಡಕ್ಕೆ ವಾಲಿತು, ಇವನು ಎಡಗಾಲನ್ನೇ ಒತ್ತಿದ. ವಿಮಾನ ಗಿರಕಿ ಹೊಡೆದು ಬದಿಯ ಹುಲ್ಲುಗಾವಲಿಗೆ ನುಗ್ಗಿತು. ಅದರ ರೆಕ್ಕೆಗೂ ಇವನಿಗೂ ಏನೂ ಆಗಲಿಲ್ಲ. ಮಾನ ಮಾತ್ರ ಹೋಯಿತು.

ಮೇಲಧಿಕಾರಿ ದೊನ್ ಲಿಯಾಂದ್ರೊ ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು. "ಶುಕ್ರವಾರ ಇನ್ನೊಂದು ಸಲ ನೋಡೋಣ, ಬಾರಿಯೆಂತೋಸ್. ಮತ್ತೆ ಹೀಗೇ ಆದ್ರೆ ಉಗ್ರಾಣದಲ್ಲಿ ಒಂದು ಕುರ್ಚಿ ಖಾಲಿ ಇದೆ. ಒಳ್ಳೆ ಕುರ್ಚಿ," ಎಂದರು. ಆ ಕುರ್ಚಿಯನ್ನು ನೆನೆದರೆ ಫೆರ್ಮಿನ್‌ಗೆ ಹುಲ್ಲುಗಾವಲೇ ವಾಸಿ ಎನಿಸುತ್ತಿತ್ತು.

ಬಲಗಾಲಿನ ಬೂಟಿಗೆ ಕೆಂಪು ದಾರ ಕಟ್ಟಿದ. ನಿದ್ದೆಯಲ್ಲೂ "ಬಲ, ಬಲ" ಎಂದು ಗೊಣಗಿದ. ಕಾಲು ಕೇಳಬೇಕಲ್ಲ!

ಗುರುವಾರ ಕಾಸಿಲ್ದಾಳ ಹಳೆಯ ಬಟ್ಟೆ ಬೀರು ಕೆಳಮನೆಗೆ ಇಳಿಯಬೇಕಿತ್ತು. ಮೆಟ್ಟಿಲು ಇಕ್ಕಟ್ಟು, ಮಧ್ಯದಲ್ಲಿ ತಿರುವು ಬೇರೆ. ಮೇಲಿನ ತುದಿಯನ್ನು ಕೆಳಮನೆಯಾತ ಹಿಡಿದ. ಕೆಳಗಿನ ತುದಿಯನ್ನು ಫೆರ್ಮಿನ್ ಬೆನ್ನ ಮೇಲೆ ಹೊತ್ತು ತಲೆ ತಗ್ಗಿಸಿದ. ಅವನಿಗೆ ತನ್ನ ಬೂಟು ಬಿಟ್ಟು ಏನೂ ಕಾಣುತ್ತಿರಲಿಲ್ಲ. ಕೆಳಗೆ ನಿಂತು ದಾರಿ ಹೇಳುತ್ತಿದ್ದವನು ಅವನ ಮಾವ ಮಕಾರಿಯೊ.

ಈ ಮಕಾರಿಯೊ ಒಂದು ಕಾಲಕ್ಕೆ ಕ್ರೈಸ್ತರ ಪವಿತ್ರ ವಾರದ ಮೆರವಣಿಗೆಯಲ್ಲಿ ಹೊರುವವರ ಮೇಸ್ತ್ರಿ. ದೇವಮಾತೆಯ ಮೂರ್ತಿಯ ಭಾರಿ ಪೀಠವನ್ನು ಬಂದರಿನ ಹಮಾಲರು ಕೆಳಗೆ ಹೊಕ್ಕು ಕತ್ತಿನ ಮೇಲೆ ಹೊರುತ್ತಾರೆ. ಸುತ್ತ ಪರದೆ, ಒಳಗೆ ಕತ್ತಲು. ಮೇಸ್ತ್ರಿಯ ದನಿಯೇ ಅವರಿಗೆ ಕಣ್ಣು. ಫೆರ್ಮಿನ್ ಕೂಡ ಮೀಸೆ ಚಿಗುರುವ ವಯಸ್ಸಿನಲ್ಲಿ ಇದೇ ಮಕಾರಿಯೊನ ಕೈಕೆಳಗೆ ಹೊತ್ತವನು. ನೀರು ತಂದುಕೊಡುತ್ತಿದ್ದ ಮೇಸ್ತ್ರಿಯ ಮಗಳನ್ನು ಮೆಚ್ಚಿದ್ದೂ ಅಲ್ಲೇ. ಮುದುಕ ಕೆಲಸ ಬಿಟ್ಟು ಬಹಳ ಕಾಲವಾಗಿತ್ತು. ಅವನ ದನಿಗೆ ಈಗ ಬೆಕ್ಕೂ ಕದಲುತ್ತಿರಲಿಲ್ಲ.

ತಿರುವು ಬಂದದ್ದೇ ತಡ, ಬೀರು ಗೋಡೆಗೆ ಸಿಕ್ಕಿಕೊಂಡಿತು. ಮುದುಕನಿಗೆ ರೇಗಿತು; ಮೆರವಣಿಗೆಯ ಹಳೆಯ ಕೂಗು ಬಾಯಿಗೆ ಬಂತು.

"ಲೋ, ಬೀರು ಹೊರ್ತಿದೀಯೋ, ಹೆಣ ಹೊರ್ತಿದೀಯೋ? ಬಲ ಮುಂದೆ, ಎಡ ಹಿಂದೆ! ನಿಧಾನ ಮಕ್ಕಳಾ... ಬಲ ಮುಂದೆ!"

ಫೆರ್ಮಿನ್ ಯೋಚಿಸಲೇ ಇಲ್ಲ. ಬಲಗಾಲು ತಾನಾಗಿಯೇ ಮುಂದೆ ಹೋಯಿತು. ಬೀರು ಬೆಣ್ಣೆಯಿಂದ ಕೂದಲು ತೆಗೆದಂತೆ ತಿರುವು ದಾಟಿತು. ಅದನ್ನು ಇಳಿಸಿದವನೇ ಅವನು ಮೆಟ್ಟಿಲ ಮೇಲೆ ಕುಕ್ಕರಿಸಿ ಹೊಟ್ಟೆ ಹಿಡಿದುಕೊಂಡು ನಗತೊಡಗಿದ.

"ಏನಾಯ್ತೋ? ಸೊಂಟ ಹೋಯ್ತಾ?"

"ಮಾವ, ಇನ್ನೊಂದ್ಸಲ ಹೇಳಿ. ಹಾಗೇ, ಬೈದ್ಕೊಂಡೇ ಹೇಳಿ."

"ಹುಚ್ಚು ಹಿಡೀತು ಇವನಿಗೆ," ಎಂದ ಮುದುಕ ಮಗಳಿಗೆ.

ಶುಕ್ರವಾರ ಬೆಳಿಗ್ಗೆ ದೊನ್ ಲಿಯಾಂದ್ರೊ ವಿಮಾನ ನಿಯಂತ್ರಣ ಗೋಪುರದ ಕಿಟಕಿಯಲ್ಲಿ ಕೈಕಟ್ಟಿ ನಿಂತಿದ್ದರು. ಫೆರ್ಮಿನ್ ಎಂಜಿನ್ನಿಗೆ ಕಸುವು ತುಂಬಿದ. ಬುಚೋನ್ ಓಡಿತು, ಬಾಲ ಎತ್ತಿತು, ಮೂತಿಯನ್ನು ಎಡಕ್ಕೆ ಹೊರಳಿಸಿತು. ಎಡಗಾಲು ತುಡಿಯಿತು. ಅಷ್ಟರಲ್ಲಿ ಫೆರ್ಮಿನ್ ಮಾವನ ಗೊಗ್ಗರು ದನಿಯಲ್ಲಿ, ಗಂಟಲು ಹರಿಯುವಂತೆ ಕೂಗಿದ.

"ಬಲ ಮುಂದೆ! ಬಲ ಮುಂದೆ ಅಂದ್ನಲ್ಲೋ ಕತ್ತೆ! ನಿಧಾನ ಮಕ್ಕಳಾ, ನಿಧಾನ!"

ಬಲಗಾಲು ಹೋಯಿತು. ಮೂತಿ ನೆಟ್ಟಗಾಯಿತು. ರೇಡಿಯೊದ ಗುಂಡಿಯನ್ನು ತಾನು ಒತ್ತಿಹಿಡಿದೇ ಇದ್ದೇನೆಂದು ಅವನಿಗೆ ತಿಳಿದದ್ದು ಅದನ್ನು ಬಿಟ್ಟಾಗ. ಕೂಗೆಲ್ಲ ಗೋಪುರಕ್ಕೆ ಕೇಳಿಸಿತ್ತು. ಅಲ್ಲಿ ರೇಡಿಯೊ ನೋಡಿಕೊಳ್ಳುತ್ತಿದ್ದ ಬಾಲ್ತಾಸಾರನೂ ತ್ರಿಯಾನಾದವನೇ. ಮಾತೆಯ ಪೀಠವನ್ನು ಹೊರುವವರೆಲ್ಲ ಒಮ್ಮೆಲೇ ಎತ್ತುವಾಗ ಊರೇ ಕೂಗುವ ಕೂಗು ಅವನ ಬಾಯಿಂದ ಬಂದು ಫೆರ್ಮಿನ್‌ನ ಕಿವಿ ತುಂಬಿತು.

"ಆಕಾಶಕ್ಕೆ! ಎತ್ತಿ ಅವಳನ್ನ, ಆಕಾಶಕ್ಕೆ!"

ಚಕ್ರಗಳು ನೆಲ ಬಿಟ್ಟವು. ಫೆರ್ಮಿನ್‌ಗೆ ಆದ ಸಂತೋಷ ಅಷ್ಟಿಷ್ಟಲ್ಲ. ಸ್ವಲ್ಪ ಹೊತ್ತಿನ ಮೇಲೆ ದೊನ್ ಲಿಯಾಂದ್ರೊರ ಒಣ ದನಿ ಬಂತು: "ಬಾರಿಯೆಂತೋಸ್, ಕತ್ತೆ ಅಂದದ್ದು ಯಾರಿಗೆ?"

"ನನ್ನ ಕಾಲಿಗೆ, ದೊನ್ ಲಿಯಾಂದ್ರೊ."

"ಸರಿ. ಹಾಗೇ ಬೈತಾ ಇರಿ."

ಮಧ್ಯಾಹ್ನ ಊಟದ ಹೊತ್ತಿಗೆ ಅವನು ಎಲ್ಲವನ್ನೂ ಒಪ್ಪಿಸಿದ. ಕಾಸಿಲ್ದಾ ಬಿದ್ದು ಬಿದ್ದು ನಕ್ಕಳು. ಮಕಾರಿಯೊ ನಗಲಿಲ್ಲ. ಬಟ್ಟಲಿನಲ್ಲಿದ್ದ ಆಲಿವ್ ಕಾಯಿಯನ್ನು ಸುಮ್ಮನೆ ಉರುಳಿಸುತ್ತ ಕುಳಿತ.

"ಆಕಾಶಕ್ಕೆ ಅಂದ್ನಾ?"

"ಅಂದ, ಮಾವ."

"ಜೀವಮಾನವೆಲ್ಲ ಹಾಗೇ ಕೂಗ್ದೆ ಕಣೋ. ಪೀಠ ಒಂದು ಗೇಣಿಗಿಂತ ಮೇಲೆ ಯಾವತ್ತೂ ಹೋಗ್ಲಿಲ್ಲ." ಮುದುಕ ಕಣ್ಣೊರೆಸಿಕೊಂಡ. "ಇವತ್ತು ಎಷ್ಟು ಎತ್ತರ ಹೋಯ್ತು, ಹೇಳು."

ಫೆರ್ಮಿನ್ ಹೇಳತೊಡಗಿದ. ಮೇಜಿನ ಕೆಳಗೆ ಅವನ ಕಾಲುಗಳು ಸುಮ್ಮನಿದ್ದವು.