ಗುಡ್ಡಗಾಡಿನ ಸಂಸದ ಟ್ಯಾಕೆಟ್

ಕೆಂಟಕಿಯ ಗುಡ್ಡಗಾಡಿನಿಂದ ಹನ್ನೊಂದು ಸಲ ವಾಷಿಂಗ್ಟನ್ನಿಗೆ ಆರಿಸಿಹೋದ ಸಂಸದ ಆರ್ವಿಲ್ ಟ್ಯಾಕೆಟ್ಟರಿಗೆ ಕ್ಷೇತ್ರದ ಹಸುಗಳ ಹೆಸರೂ ಬಾಯಿಪಾಠ. ಯಾರ ಜಗಲಿ ಕಂಡರೂ ಕಾರು ನಿಲ್ಲಿಸಿ, ಮೆಕ್ಕೆಜೋಳದ ರೊಟ್ಟಿ ಕೇಳಿ ತಿನ್ನುವರು. ಸೇತುವೆಯೋ ಪಿಂಚಣಿಯೋ, ಜನ ಏನೇ ಕೇಳಿದರೂ "ಆಯ್ತು ಅಂತ್ಲೇ ತಿಳ್ಕೊಳ್ಳಿ" ಅನ್ನುವರು. ಮುಕ್ಕಾಲು ಪಾಲು ಆಗಿಯೂ ಬಿಡುತ್ತಿತ್ತು. ವರ್ಷವರ್ಷವೂ ಊರು ಕೊಚ್ಚಿಕೊಂಡು ಹೋಗುತ್ತಿದ್ದ ಹೊಳೆಗೆ ೧೯೫೨ರಲ್ಲಿ ಅಣೆಕಟ್ಟನ್ನೂ ತಂದರು. ಮುಳುಗುವ ನಲವತ್ತು ಮನೆಗಳಲ್ಲಿ ಅವರ ತಾಯಿಯದೂ ಒಂದು. ಕಟ್ಟೆಯನ್ನು ತುಸು ಸರಿಸಿ ಆ ಮನೆ ಉಳಿಸಲೇ ಎಂದು ಎಂಜಿನಿಯರು ಕೇಳಿದಾಗ, "ಆಗ ಇನ್ಯಾರದೋ ಅಮ್ಮನ ಮನೆ ಮುಳುಗುತ್ತಲ್ಲಪ್ಪ" ಎಂದರು. ಸಾಮಾನು ಹೊರಲು ತಾನೇ ಬಂದ ಮಗನಿಗೆ ಮುದುಕಿ, "ಈ ಸಲ ನಿಂಗೆ ಓಟು ಹಾಕಲ್ಲ ಕಣೋ" ಅಂದೇಬಿಟ್ಟಳು. ಹಾಕಲೂ ಇಲ್ಲ. ಮನೆ ಮುಳುಗಿದವರು ಹೋಗಿ ನೆಲೆಸಿದ ಹೊಸ ಊರಿನ ಮತಗಟ್ಟೆಯಲ್ಲಿ ಅವರ ವಿರುದ್ಧ ಬಿದ್ದದ್ದು ಅದೊಂದೇ ಓಟು. ಟ್ಯಾಕೆಟ್ಟರು ಮಾತ್ರ ಸಿಕ್ಕಸಿಕ್ಕವರಿಗೆಲ್ಲ ಹೆಮ್ಮೆಯಿಂದ ಹೇಳಿಕೊಂಡು ತಿರುಗಿದರು: "ನಮ್ಮಮ್ಮ ಆಡಿದ ಮಾತಿಗೆ ತಪ್ಪೋಳಲ್ಲ!"