ನನ್ನ ಕಾರಿನ ಗಾಜು ಕೆರೆಯುತ್ತಿದ್ದವರು

ಬೆಳಗಿನ ಜಾವ ಆಸ್ಪತ್ರೆಯ ಶಿಫ್ಟ್‌ಗೆಂದು ಬಾಗಿಲು ತೆರೆದರೆ, ಟೋಪಿಯನ್ನು ಹುಬ್ಬಿನವರೆಗೆ ಎಳೆದುಕೊಂಡ ಬಿಳಿಯ ಮುದುಕನೊಬ್ಬ ನನ್ನ ಕಾರಿನ ಮೇಲೆ ಬಗ್ಗಿ ಏನೋ ಕೆರೆಯುತ್ತಿದ್ದ. ಪರದೇಶದ ಈ ಸ್ಕೋಫೀಲ್ಡ್ಸ್ ಬಡಾವಣೆಯ ನಮ್ಮ ಬೀದಿಯಲ್ಲಿ ಎರಡು ದಿನದಿಂದ ಎಲ್ಲರ ಕಾರೂ ಇಬ್ಬನಿ ಹೆಪ್ಪುಗಟ್ಟಿ ಬೆಳ್ಳಗಾಗಿದ್ದರೆ, ನನ್ನ ಕಾರಿನ ಗಾಜು ಮಾತ್ರ ಸ್ವಚ್ಛವಾಗಿರುತ್ತಿತ್ತು. "ಯಾರೋ ಗಾಜು ಒರೆಸಿ ಒಳಗೆ ಇಣುಕ್ತಿದಾರೆ, ಕಾರ್ ಕದಿಯೋಕೆ ಹೊಂಚು ಹಾಕ್ತಿದಾರೆ ಕಣೇ, ಹುಷಾರು" ಎಂದಿದ್ದರು ನನ್ನ ಗಂಡ. ಫೋನಿನಲ್ಲಿ ವಿಡಿಯೊ ಮಾಡುತ್ತಲೇ ಹತ್ತಿರ ಹೋಗಿ, ಇಲ್ಲೇನು ಕೆಲಸವೆಂದು ಗದರಿದೆ.

ಆತ ಬೆಚ್ಚಿಬಿದ್ದು, ಕೈಯಲ್ಲಿದ್ದ, ಗಾಜಿನ ಮಂಜು ಕೆರೆಯುವ ಪ್ಲಾಸ್ಟಿಕ್ ಪಟ್ಟಿಯನ್ನು ಎತ್ತಿ ತೋರಿಸಿದ. ಎದುರು ಮನೆಯಲ್ಲಿರುವ ತಮ್ಮ ಮಗಳ ಬಳಿ ಇರಲು ಸ್ಕಾಟ್ಲೆಂಡಿನ ಉತ್ತರದ ಹಳ್ಳಿಯೊಂದರಿಂದ ಬಂದವರಂತೆ. ಅಲ್ಲಿ ವರ್ಷದ ಅರ್ಧ ಭಾಗ ಮಂಜೇ. "ನನ್ನ ಹೆಂಡತಿಯೂ ನರ್ಸ್. ಅವಳು ಬದುಕಿದ್ದಷ್ಟು ದಿನ ಪ್ರತಿ ಚಳಿಗಾಲ ಅವಳ ಕಾರಿನ ಗಾಜು ಕೆರೆದು ಡ್ಯೂಟಿಗೆ ಕಳಿಸ್ತಿದ್ದವನು ನಾನೇ. ಕಿಟಕಿಯಿಂದ ನಿನ್ನ ಯೂನಿಫಾರ್ಮ್ ಕಂಡಿತು" ಎಂದರು.

ಮರುದಿನ ಅವರು ಬರಲಿಲ್ಲ. ಸಂಜೆ ಅವರ ಮನೆಗೆ ಹೋಗಿ ಕ್ಷಮೆ ಕೇಳಿದೆ. ನಕ್ಕು ಒಳಗೆ ಕರೆದು ಟೀ ಕೊಟ್ಟರು. ಆದರೂ ನಾನು ಗದರಿದಾಗ ಬಿಳುಚಿಕೊಂಡ ಆ ಮುಖ ಇನ್ನೂ ಕಣ್ಣ ಮುಂದಿನಿಂದ ಹೋಗಿಲ್ಲ.